ಬಲಗೈಯ ಅಳತೆ

ನೋಂದಣಿ ಕಚೇರಿಯಲ್ಲಿ ಎಂದಿನಂತೆ ಮದುಮಕ್ಕಳ ಬಲಗೈ ಹಿಡಿತ ಅಳೆದರು. ದರ್ಜಿ ಬಾಳಪ್ಪನದು ಮೂವತ್ತೊಂದು ಕಿಲೋ, ಕಲ್ಲು ಒಡೆಯುವ ನೀಲವ್ವನದು ನಲವತ್ತಾರು. ಸಂಸಾರದಲ್ಲಿ ಯಾರ ಕೈಯೂ ಮೇಲಾಗಬಾರದೆಂದು ಕಾನೂನು. ಸಮ ಆಗುವವರೆಗೆ ಹಿಡಿತ ಹೆಚ್ಚಿದ್ದವರ ಬಲಗೈ ಬೆರಳನ್ನು ಸಂಗಾತಿಯೇ ಮುರಿಯಬೇಕು. ಗುಮಾಸ್ತ ಬಾಳಪ್ಪನಿಗೆ ಸುತ್ತಿಗೆ ಕೊಟ್ಟ.

ನೀಲವ್ವ ಹಲ್ಲು ಕಚ್ಚಿ ಕೈ ಚಾಚಿದಳು. ಎರಡು ಬೆರಳು ಲಟಕ್ಕನೆ ಮುರಿದವು.

ಗುಮಾಸ್ತ ಅಳೆದು, "ಮೂವತ್ತೊಂದು. ಸಾಕು ಬಿಡ್ರಿ," ಎಂದ.

"ಗಂಡಸು ಒಂದು ಕೈ ಮ್ಯಾಲ ಇರ್ಬೇಕ್ರೀ," ಎಂದು ಬಾಳಪ್ಪ ಮೂರನೆಯದನ್ನೂ ಜಜ್ಜಿದ.

ಗುಮಾಸ್ತ ಮತ್ತೆ ಅಳೆದ. "ಇಪ್ಪತ್ತು. ಈಗ ನೀವಽ ಹೆಚ್ಚಾದ್ರಿ," ಎಂದು ಸುತ್ತಿಗೆಯನ್ನು ನೀಲವ್ವನ ಮುಂದಿಟ್ಟ. ಮುರಿದ ಕೈಯಲ್ಲಿ ಇವಳೇನು ಹೊಡೆದಾಳು ಎಂದು ಬಾಳಪ್ಪ ನಕ್ಕ.

ನೀಲವ್ವ ಅದನ್ನು ಎಡಗೈಗೆ ತೆಗೆದುಕೊಂಡಳು. ದಿನಾ ಕಲ್ಲು ಒಡೆಯುತ್ತಿದ್ದುದೇ ಆ ಕೈಯಲ್ಲಿ.

"ಕೈ ಇಡ್ರಿ," ಎಂದಳು.