ಕಾಶವ್ವನ ಹೆಬ್ಬೆಟ್ಟು

ಹುಬ್ಬಳ್ಳಿಯ ಕ್ರಿಪ್ಟೋ ಕಂಪನಿಯೊಂದರಲ್ಲಿ ವಿಶಾಲಾಕ್ಷಿಗೆ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಸಿಕ್ಕಿತ್ತು. ಆದರೆ ಆ ಊರಲ್ಲಿ ಮದುವೆಯಾಗಲಿ, ನೌಕರಿಯಾಗಲಿ, ಓಣಿಯ ಅಷ್ಟೂ ಮನೆಯವರು ತಮ್ಮ ಫೋನಿನಲ್ಲಿ ಹೆಬ್ಬೆಟ್ಟು ಒತ್ತಿ ಒಪ್ಪುವವರೆಗೆ ಯಾವುದೂ ಊರ್ಜಿತವಲ್ಲ. ಆ ಹೆಬ್ಬೆಟ್ಟಿನ ಆ್ಯಪ್ ನಡೆಸುವುದೂ ಇದೇ ಕಂಪನಿ. ಎದುರುಮನೆಯ ಕಾಶವ್ವ ಒಬ್ಬಳನ್ನು ಬಿಟ್ಟು ಎಲ್ಲರೂ ಒತ್ತಿದ್ದರು.

ವಿಶಾಲಾಕ್ಷಿ ಹೋದಾಗ ಕಾಶವ್ವ ಕಟ್ಟೆಯ ಮೇಲೆ ಮೆಂತೆಪಲ್ಲೆ ಸೋಸುತ್ತಿದ್ದಳು. ಸಂದರ್ಶನವನ್ನು ಇಡೀ ಓಣಿ ಫೋನಿನಲ್ಲಿ ಕೇಳುವುದು ರೂಢಿ, ಅವಳೂ ಕೇಳಿದ್ದಳು.

"ಓಣಿ ಮಂದಿ ಒಪ್ಪಿಗಿ ಯಾಕ ಬೇಕು, ಮೊದಲ ಅದನ್ನ ತಗದ್ ಹಾಕ್ತೀನಿ ಅಂದ್ಯಲ್ಲ?"

"ಹೊಸಾದೇನ್ ಮಾಡ್ತೀರಿ ಅಂತ ಕೇಳಿದ್ರು ಕಾಕೂ, ಬಾಯಿಗೆ ಬಂದದ್ದು ಅಂದ್ನಿ."

"ಅದನ್ನ ತಗದ್ರ ನಮ್ಮನಿ ಕಡೆ ಯಾರ್ ಬರ್ತಾರ? ಕುಂದ್ರು, ಪಲ್ಲೆ ಸೋಸು."

ವಿಶಾಲಾಕ್ಷಿ ಸೋಸಿದಳು. ಚಹಾ ಕುಡಿದಳು. ಮೊಣಕಾಲು ನೋವಿನ ಕಥೆಯನ್ನು ಎಡಗಾಲಿನದು ಮುಗಿಸಿ ಬಲಗಾಲಿನದೂ ಕೇಳಿದಳು. ಆಮೇಲೆ ಹೆಬ್ಬೆಟ್ಟು ಬಿತ್ತು.

ಮರುದಿನ ಆಫೀಸಿನಲ್ಲಿ ಮೇಲಧಿಕಾರಿ ಡಂಬಳ ಉತ್ಸಾಹದಿಂದ ಕೇಳಿದರು: "ಓಣಿ ಒಪ್ಪಿಗಿ ಯಾವಾಗ ತಗದ್ ಹಾಕ್ತೀರಿ ಮೇಡಂ?"

"ಅದಕ್ಕೂ ಕಾಶವ್ವ ಹೆಬ್ಬೆಟ್ಟು ಒತ್ತಬೇಕ್ರಿ ಸರ್. ಈ ಸಲ ನೀವ ಹೋಗಿ ಬರ್ರಿ. ಇವತ್ತ ಆಕಿ ಬಳ್ಳೊಳ್ಳಿ ಸುಲಿಯಾಕ ಕುಂತಿರ್ತಾಳ."