ಆ ಮಂಡಿ ಯಾವಾಗಲೂ ಬಲಗಾಲಿನದೇ

ದಾವಣಗೆರೆ ಕಡೆಯ ಒಂದು ಆಸ್ಪತ್ರೆ. ನಿಶ್ಚಲ್ ಅಲ್ಲಿ ಮೂಳೆ ವಿಭಾಗದಲ್ಲಿ ಪಿ.ಜಿ. ಮಾಡುತ್ತಿದ್ದ ಯುವ ಡಾಕ್ಟರ್...

ಅಲ್ಲಿಗೆ ಆಪರೇಷನ್ ಅಭ್ಯಾಸಕ್ಕೆಂದು ಹೊಸದಾಗಿ ವಿ.ಆರ್. ಹೆಡ್‌ಸೆಟ್ ಬಂದಿತ್ತು. ಕಣ್ಣಿಗೆ ಕಟ್ಟಿಕೊಂಡರೆ ಸಾಕು, ಎದುರಿಗೇ ಆಪರೇಷನ್ ಥಿಯೇಟರ್!

ಮೇಜಿನ ತುಂಬ ಹಸಿರು ಬಟ್ಟೆ, ನಡುವೆ ಒಂದು ಮಂಡಿ. ರೋಗಿಗೆ ಮುಖವಿಲ್ಲ, ಹೆಸರಿಲ್ಲ... ಮಂಡಿಯೂ ಪ್ರತಿ ಸಲ ಬಲಗಾಲಿನದೇ.

ಅರವತ್ತು ಸಲ ಆ ಮಂಡಿ ಬದಲಿಸಿ, ನೂರಕ್ಕೆ ತೊಂಬತ್ತೇಳು ಅಂಕ ತೆಗೆದ ನಿಶ್ಚಲ್. ಅದರ ಫೋಟೋ ಸ್ಟೇಟಸ್‌ಗೂ ಹೋಯಿತು. ಆಮೇಲೆ ಕೇಳಬೇಕೆ? ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪ್ರೊಫೆಸರ್ ಕರೆದರು. "ನಾಳೆ ಹಾಲಮ್ಮನ ಮಂಡಿ ಕೇಸಲ್ಲಿ ಮೊದಲ ಕಟ್ ನಿಂದೇ. ಹೋಗಿ ಕಾಲಿಗೆ ಮಾರ್ಕ್ ಹಾಕಿ ಬಾ."

ಆಪರೇಷನ್ ಯಾವ ಕಾಲಿಗೆ ಎಂದು ರೋಗಿಯನ್ನೇ ಕೇಳಿ, ಫೈಲ್ ನೋಡಿ, ಪೆನ್ನಿನಲ್ಲಿ ಗುರುತು ಹಾಕುವುದು ಅಲ್ಲಿನ ಪದ್ಧತಿ.

ಹಾಲಮ್ಮ ಮೂವತ್ತು ವರ್ಷ, ಬಿಸಿ ಮರಳಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ನಿಂತು ನಿಂತೇ ಮಂಡಿ ಸವೆಸಿಕೊಂಡವರು. ಅವರು ಏನೋ ಹೇಳಲು ಬಾಯಿ ತೆರೆದರು...

ನಿಶ್ಚಲ್ ಫೋನಿನಲ್ಲಿ ಗೆಳೆಯನಿಗೆ ನಾಳೆಯ ಸುದ್ದಿ ಹೇಳುತ್ತಲೇ ಗುರುತು ಹಾಕಿ ಹೊರಟುಬಿಟ್ಟ.

ಮರುದಿನ ಬೆಳಗ್ಗೆ ಥಿಯೇಟರ್ ಬಾಗಿಲಲ್ಲಿ ಪ್ರೊಫೆಸರ್ ಫೈಲ್ ನೋಡಿದರು. ಸ್ಟ್ರೆಚರ್ ಮೇಲಿದ್ದ ಹಾಲಮ್ಮನ ಕಾಲು ನೋಡಿದರು. ಮತ್ತೆ ಫೈಲ್ ನೋಡಿದರು.

ಫೈಲಿನಲ್ಲಿ ಎಡಗಾಲು... ಗುರುತು ಬಲಗಾಲಿನ ಮೇಲೆ!

"ಯಾರು ಇದನ್ನ ಹಾಕಿದ್ದು?"

ನಿಶ್ಚಲ್ ಕಾಲಿನ ಮೇಲಿನ ಗುರುತನ್ನೇ ನೋಡಿದ. ಅಷ್ಟರಲ್ಲಿ ಹಾಲಮ್ಮನೇ ಹೇಳಿದರು, "ನಂದೇ ತಪ್ಪು ಸಾರ್... ನಾನೇ ಈ ಕಾಲು ಅಂತ ತೋರ್ಸಿಬಿಟ್ಟೆ. ಆ ಹುಡುಗುನ್ನ ಬೈಬ್ಯಾಡ್ರಿ."

ಒಂದು ಕ್ಷಣ, ಬದುಕಿದೆ ಅನ್ನಿಸಿತು ಅವನಿಗೆ. ಹಾಗನ್ನಿಸಿದ್ದಕ್ಕೆ ಮರುಕ್ಷಣವೇ ತನ್ನ ಮೇಲೆ ಹೇಸಿಗೆಯಾಯಿತು.

"ಇಲ್ಲ ಸರ್... ನಾನು ಅವರನ್ನ ಕೇಳಲೇ ಇಲ್ಲ. ಫೈಲೂ ತೆಗೀಲಿಲ್ಲ. ಕೈ ತಾನಾಗೇ ಬಲಗಾಲಿಗೆ ಹೋಯ್ತು."

"ನೀವಾದ್ರೂ ಆಗಲೇ ಯಾಕಮ್ಮ ಹೇಳ್ಲಿಲ್ಲ?" ಎಂದರು ಪ್ರೊಫೆಸರ್.

"ಹೇಳಾಕೆ ಹೋದೆ... ಓದಿದೋರು, ಅವ್ರಿಗೆ ಗೊತ್ತಿರುತ್ತೆ ಅಂತ ಸುಮ್ನಾದೆ."

ನಿಶ್ಚಲ್ ತಲೆ ಎತ್ತಲಿಲ್ಲ. ಆಕೆ ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಪ್ರೊಫೆಸರ್ ಆ ಗುರುತು ಒರೆಸಿ, ಹಾಲಮ್ಮನನ್ನು ಕೇಳಿ, ಎಡಗಾಲಿಗೆ ತಾವೇ ಗುರುತು ಹಾಕಿದರು.

"ಇವತ್ತು ನೀನು ಚಾಕು ಮುಟ್ಟಬೇಡ. ಸೊಂಟದ ಕೆಳಗಷ್ಟೇ ಅರಿವಳಿಕೆ, ಅವರಿಗೆ ಎಚ್ಚರ ಇರುತ್ತೆ. ತಲೆ ಹತ್ರ ಕೂತು ಕೈ ಹಿಡ್ಕೋ."

ಎರಡು ಗಂಟೆ... ಬಿಸಿ ಮರಳಿಗೆ ಸುಟ್ಟು ಒರಟಾದ ಆ ಕೈ ಹಿಡಿದು ಕೂತ. ಮೂಳೆಗೆ ಬೀಳುವ ಸುತ್ತಿಗೆಯ ಸದ್ದು ಕೇಳಿದಾಗಲೆಲ್ಲ ಅದು ಬೆಚ್ಚಿ ಬಿಗಿಯಾಗುತ್ತಿತ್ತು.

ನಡುವೆ ಹಾಲಮ್ಮ ಮೆಲ್ಲಗೆ ಕೇಳಿದರು, "ಕಣ್ಣು ಬಾಡ್ಯಾವಲ್ಲಪ್ಪಾ... ಬೆಳಗ್ಗೆ ಏನಾರ ತಿಂದ್ಯಾ?"

ನಿನ್ನೆ ಅವನು ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ...

ನಿಶ್ಚಲ್ ಮಾಸ್ಕಿನೊಳಗೇ ಬಿಕ್ಕಿ ಬಿಕ್ಕಿ ಅತ್ತ.

*ಕೈ ಎಷ್ಟೇ ಪಳಗಿರಲಿ, ಅದಕ್ಕೂ ಮೊದಲು ಕಿವಿ ಪಳಗಬೇಕು.*

ನಿಮಗೆ ಎಲ್ಲವೂ ಗೊತ್ತಿದೆ ಎಂದು ನಂಬಿ ಸುಮ್ಮನಿರುವವರನ್ನು, ನೀವು ಕೊನೆಯ ಸಲ ಕೂತು ಕೇಳಿದ್ದು ಯಾವಾಗ?