ಆಮೆಯ ಮುಖಾಂತರ

ಪರಾತದ ನೀರಿಗೆ ಕೈ ಹಾಕಿದ ಗುರುಮಲ್ಲಪ್ಪ ಚುರ್ರೆಂದು ಹಿಂದಕ್ಕೆಳೆದುಕೊಂಡ. ನೀರು ಸ್ನಾನಕ್ಕೆ ಕಾಯಿಸಿದಷ್ಟು ಬಿಸಿಯಾಗಿತ್ತು. ಒಳಗೆ ಆಮೆ ಇರಲಿಲ್ಲ. ಬೆಳಿಗ್ಗೆ ಜವಳಿ ಅಂಗಡಿಗೆ ಹೊರಡುವ ಮುಂಚೆ, ಪಾಪ, ತಂಪಾಗಿರಲಿ ಎಂದು ಹಿತ್ತಲ ಗೋಡೆಯ ನೆರಳಿನಲ್ಲಿ ಅಗಲ ಬಾಯಿಯ ತಾಮ್ರದ ಪರಾತವಿಟ್ಟು, ನೀರು ತುಂಬಿ, ಅವನೇ ಆಮೆಯನ್ನು ಅದರಲ್ಲಿ ಬಿಟ್ಟು ಹೋಗಿದ್ದ. ನೆರಳು ಸರಿಯುತ್ತದೆಂಬುದು ಹೊಳೆದಿರಲಿಲ್ಲ. ಊಟದ ಹೊತ್ತಿಗೆ ಶಿಕಾರಿಪುರದ ಬಿಸಿಲೆಲ್ಲ ಬಂದು ಆ ಪರಾತದ ಮೇಲೇ ಕುಳಿತಿತ್ತು.

ಹೇಳೋಣವೆಂದರೆ ಹೆಂಡತಿಯ ಜೊತೆ ಮಾತಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆಯಿಟ್ಟಿದ್ದ ಚುನಾವಣೆಯಲ್ಲಿ ಓಟು ಹಾಕಿ ಬಂದ ದಿನ, "ಯಾವ ಪೆಟ್ಟಿಗಿಗೆ ಹಾಕ್ದಿ ಚೀಟಿ?" ಎಂದು ಇವನು ಕೇಳಿದ್ದ. "ಯಾರಿಗೂ ಹೇಳಬಾರ್ದಂತ ಆಫೀಸರ್ರೇ ಹೇಳ್ಯಾರ," ಎಂದಿದ್ದಳು ನೀಲಾಂಬಿಕ. ಅಂದಿನಿಂದ ಒಂದೂವರೆ ತಿಂಗಳು ಇಬ್ಬರ ನಡುವೆ ಓಡಾಡಿದ್ದು ಈ ಆಮೆಯೊಂದೇ. ಹೋದ ಮಳೆಗಾಲದಲ್ಲಿ ತವರು ಕುಪ್ಪಗಡ್ಡೆಯಿಂದ ಅವಳು ಸೆರಗಿನಲ್ಲಿ ಕಟ್ಟಿಕೊಂಡು ತಂದು ಸಾಕಿದ್ದು. "ಏ ಆಮಿ, ಎಲಿ ಹಾಕೈತಿ ಅಂತ ಹೇಳು," ಎಂದು ಅವಳು ಅಡಿಗೆಮನೆಯಿಂದ ಕೂಗುವಳು. "ಆಮಿ, ಸಾರಿಗೆ ಉಪ್ಪಿಲ್ಲ ಅಂತ ತಿಳಿಸು," ಎಂದು ಇವನು. ಅದು ಕತ್ತು ಚಾಚಿ ಇಬ್ಬರನ್ನೂ ನೋಡುವುದು. ಮನೆಯ ಮೌನ ಅಷ್ಟೇನೂ ಭಾರವೆನಿಸಿರಲಿಲ್ಲ; ಹೊರುವುದಕ್ಕೆ ಒಂದು ಗಟ್ಟಿ ಬೆನ್ನಿತ್ತು.

ಗುರುಮಲ್ಲಪ್ಪ ಸೌದೆಯ ಒಟ್ಟಿಲಿನ ಸಂದಿಯಲ್ಲಿ ಇಣುಕಿದ. ಬಟ್ಟೆ ಒಗೆಯುವ ಕಲ್ಲಿನ ಅಡಿಗೆ ಕೋಲು ಹಾಕಿ ನೋಡಿದ. ಬೇಲಿಯಾಚೆಯಿಂದ ಪಕ್ಕದ ಮನೆಯ ಹುಲಿಯಮ್ಮ ಮೂತಿ ತೂರಿಸಿದಳು.

"ಏನ್ ಸಾವ್ಕಾರ್ರೆ, ಈ ಉರಿಬಿಸಿಲಾಗ ಹಿತ್ತಲ ಸರ್ವೆ ಮಾಡ್ತೀರೇನು?"

"ಆಮಿ ಕಾಣವಲ್ದು. ಒಳಗ ಅಕಿಗೆ ಹೇಳಬ್ಯಾಡ ಮತ್ತೆ."

"ಅಯ್ಯ, ಅಕ್ಕಾರೂ ಆಗಿಂದ ಅದನ್ನೇ ಹುಡುಕಾಕ ಹತ್ಯಾರ. ನಿಮಗ ಹೇಳಬ್ಯಾಡ ಅಂದಾರ!"

ಬಚ್ಚಲ ನೀರು ಹರಿದುಹೋಗುವಲ್ಲಿ ಬಾಳೆಯ ಬುಡ. ಅಲ್ಲಿ ನೀಲಾಂಬಿಕ ಸೆರಗನ್ನು ತಲೆಗೆಳೆದುಕೊಂಡು ಮಂಡಿಯೂರಿದ್ದಳು. ಒಣಗಿದ ಎಲೆಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಗುರುಮಲ್ಲಪ್ಪ ಸದ್ದಿಲ್ಲದೆ ಹೋಗಿ ಹಿಂದೆ ನಿಂತ. ಕೆಸರಿನಲ್ಲಿ ಅಂಗೈಯಗಲದ ಕರಿ ಚಿಪ್ಪು ಕಂಡಿತು. ಅವಳು ಬೆರಳಿನಿಂದ ತಟ್ಟಿದಳು. ಅಲುಗಲಿಲ್ಲ. ಇನ್ನೊಮ್ಮೆ ತಟ್ಟಿದಳು. ತಾನೇ ಕೊಂದೆನೆಂದುಕೊಂಡ ಗುರುಮಲ್ಲಪ್ಪ. ಇನ್ನು ಈ ಮನೆಯಲ್ಲಿ ಯಾರು ಯಾರಿಗೆ ಏನು ಹೇಳಿ ಕಳಿಸುವುದು?

ಕೆಸರು ಪುಸಕ್ಕೆಂದು ಮಿಸುಕಿತು. ಒಂದು ಹಿಂಗಾಲು ಮಣ್ಣನ್ನು ಒದೆದು, ಚಿಪ್ಪನ್ನು ಇನ್ನೊಂದು ಬೆರಳಷ್ಟು ಆಳಕ್ಕಿಳಿಸಿತು.

"ರೀ, ಜೀವ ಐತ್ರೀ!" ನೀಲಾಂಬಿಕ ಕೂಗಿದಳು. "ತಾನೇ ಗುಂಡಿ ತೋಡ್ಕೊಂಡು ಹೆಂಗ ತಣ್ಣಗ ಕುಂತೈತಿ ನೋಡ್ರಿ! ನೀವು ಬೇಯಿಸಾಕ ಇಟ್ಟಿದ್ರಿ!"

"ತಂಪಾಗ್ಲಿ ಅಂತ ಇಟ್ಟಿದ್ನೇ..."

"ತಾಮ್ರದ ಪರಾತದಾಗ! ಜೊತಿಗೆ ಒಂದೀಟು ಬ್ಯಾಳಿನೂ ಹಾಕಬೇಕಿತ್ತು!"

ಬೇಲಿಯಾಚೆ ಹುಲಿಯಮ್ಮ ಕಿಸಕ್ಕೆಂದಳು. ಅದರ ಹಿಂದೆಯೇ ನೀಲಾಂಬಿಕಳಿಗೂ ನಗು ತಡೆಯಲಿಲ್ಲ, ಗುರುಮಲ್ಲಪ್ಪನಿಗೂ. ನಗುತ್ತಲೇ ಅವನು ಆಮೆಯನ್ನು ಎತ್ತಿಕೊಳ್ಳಲು ಬಗ್ಗಿದ. ಅವಳು ಕೆಸರುಗೈಯಲ್ಲೇ ಅವನ ಮಣಿಕಟ್ಟು ಹಿಡಿದಳು.

"ಎತ್ತಬ್ಯಾಡ್ರಿ. ನಮ್ಮೂರ ಕೆರಿ ಒಣಗಿದ್ರೂ ಹಿಂಗೇ ಹೂತ್ಕಂತಾವ. ಮಳಿ ಬಿದ್ದಮ್ಯಾಲೆ ತಾನೇ ಎದ್ದು ಬರ್ತೈತಿ."

"ಮಳಿಗೆ ಇನ್ನೂ ಎರಡು ತಿಂಗ್ಳೈತಲ್ಲೇ. ಅಲ್ಲಿತನ ನಾವು ಯಾರ ಕೂಡ ಮಾತಾಡೋದು?"

ನೀಲಾಂಬಿಕ ಸರಿಸಿದ್ದ ಎಲೆಗಳನ್ನು ಒಂದೊಂದಾಗಿ ಮತ್ತೆ ಆಮೆಯ ಮೇಲೆ ಹೊದಿಸಿದಳು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು:

"ಸಣ್ಣ ದನೀಲಿ ಅನ್ರಿ. ಎಚ್ಚರಾದೀತು ಅದಕ್ಕ."